ಗೋಡೆಯ ಕೆಳಗಿನ ಬಾವಿ

ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಬಿಂದಿಗೆ ತಾಮ್ರದ್ದು ಎಂದು ನನ್ನ ನೆನಪು, ಹಿತ್ತಾಳೆಯದು ಎನ್ನುತ್ತಾಳೆ ಅಮ್ಮ. ಎರಡು ಮನೆಗಳ ನಡುವಿನ ಆ ಮೌನ ಇಡೀ ಬೇಸಿಗೆ ನಡೆಯಿತೆಂದು ನಾನು ನಂಬಿಕೊಂಡು ಬಂದಿದ್ದೇನೆ, ಅಮ್ಮನ ಪ್ರಕಾರ ಎರಡು ವಾರವೂ ಇರಲಿಲ್ಲ. ಮಕ್ಕಳ ನೆನಪು ಎಲ್ಲವನ್ನೂ ಉದ್ದ ಮಾಡುತ್ತದೆ, ದೊಡ್ಡವರ ನೆನಪು ಮಡಿಸಿಡುತ್ತದೆ. ಯಾವುದನ್ನು ನಂಬಬೇಕೋ ಗೊತ್ತಿಲ್ಲ. ಹೋದ ತಿಂಗಳು ಫೋರ್ಟ್ ಕೊಚ್ಚಿಯ ಒಂದು ಕಾಫಿ ಅಂಗಡಿಯಲ್ಲಿ ಕೂತಿದ್ದಾಗ ಮಾಡಿನಿಂದ ತೂಗುಬಿಟ್ಟ ದೀಪವೊಂದು ಕಣ್ಣಿಗೆ ಬಿತ್ತು. ಕಬ್ಬಿಣದ ಬಳೆಯೊಂದರ ಸುತ್ತ ಬಾಗಿದ ಕೊಕ್ಕೆಗಳು, ಒಂದೊಂದು ಕೊಕ್ಕೆಗೂ ಒಂದೊಂದು ಬಲ್ಬು. ಅದು ದೀಪವಲ್ಲ, ಬಾವಿಗೆ ಬಿದ್ದ ಕೊಡ ಬಿಂದಿಗೆಗಳನ್ನು ತಡಕಿ ಮೇಲೆತ್ತುವ ಪಾತಾಳಗರಡಿ. ಎದ್ದು ನಿಂತು ಮುಟ್ಟಿದೆ. ಬಲ್ಬಿನ ಬಿಸಿಗೆ ಒಣಗಿಹೋಗಿದ್ದ ಕಬ್ಬಿಣಕ್ಕೆ ಯಾವ ವಾಸನೆಯೂ ಇರಲಿಲ್ಲ. ಆದರೂ ನನ್ನ ಮೂಗಿಗೆ ಒದ್ದೆ ತುಕ್ಕಿನ, ಪಾಚಿಯ, ತಣ್ಣನೆಯ ಬಾವಿನೀರಿನ ವಾಸನೆ ಬಂತು. ಇಲ್ಲದ ವಾಸನೆಯನ್ನು ಮೂಗು ತಂದುಕೊಡುತ್ತದೆಂದರೆ, ಇಲ್ಲದ ಘಟನೆಯನ್ನು ಮನಸ್ಸು ತಂದುಕೊಡಲಾರದೆ?

ನಾನು ಹುಟ್ಟಿದ್ದು ಮೈಸೂರಿನಲ್ಲಿ, ಬೆಳೆದದ್ದು ತಿರುವನಂತಪುರದಲ್ಲಿ. ಅಪ್ಪನಿಗೆ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸ. ಕ್ವಾರ್ಟರ್ಸ್ ಸಿಗುವವರೆಗೆ ಉಳ್ಳೂರಿನ ಒಂದು ಓಣಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಯಾವ ಕಾಲದಲ್ಲೋ ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಜಾಗ ಅದು. ಪಾಲಾಗುವಾಗ ಗಡಿ ಸರಿಯಾಗಿ ಬಾವಿಯ ನಡುವೆಯೇ ಹಾದುಹೋಯಿತಂತೆ. ಬಾವಿಯನ್ನು ಕತ್ತರಿಸುವುದು ಹೇಗೆ? ಅದರ ಮೇಲೆ ತೊಲೆಯಿಟ್ಟು ಗೋಡೆ ಎಬ್ಬಿಸಿದರು. ಅರ್ಧ ಬಾವಿ ನಮ್ಮ ಹಿತ್ತಲಲ್ಲಿ, ಅರ್ಧ ಆಚೆಯವರ ಹಿತ್ತಲಲ್ಲಿ. ನಮಗೊಂದು ರಾಟೆ, ಅವರಿಗೊಂದು ರಾಟೆ, ನೀರು ಮಾತ್ರ ಒಂದೇ. ಇಬ್ಬರೂ ಒಟ್ಟಿಗೆ ಹಗ್ಗ ಬಿಟ್ಟರೆ ಕೆಳಗೆ ಸಿಕ್ಕುಹಾಕಿಕೊಳ್ಳುತ್ತಿತ್ತು. ಹಾಗಾಗಿ ಯಾರೋ ಹಿಂದಿನವರು ಮಾಡಿಟ್ಟ ಒಂದು ರೂಢಿ ಇತ್ತು: ಹಗ್ಗ ಬಿಡುವ ಮೊದಲು ಬಕೆಟ್ಟನ್ನು ಬಾವಿಕಟ್ಟೆಗೆ ಎರಡು ಸಲ ಬಡಿಯಬೇಕು. ಆಚೆಯಿಂದ ಎರಡು ಬಡಿತ ಬಂದರೆ ಬಿಡಿ ಎಂದು ಅರ್ಥ. ಬಾರದಿದ್ದರೆ ಅವರ ಹಗ್ಗ ಮೇಲೆ ಬರುವವರೆಗೆ ಕಾಯಬೇಕು. ಟಣ್ ಟಣ್, ಟಣ್ ಟಣ್. ನನ್ನ ಬಾಲ್ಯದ ಬೆಳಗುಗಳೆಲ್ಲ ಆ ಸದ್ದಿನಿಂದಲೇ ಶುರುವಾಗುತ್ತಿದ್ದವು.

ಆಚೆ ಮನೆಯಲ್ಲಿದ್ದವರು ಫಿಲೋಮಿನಾ ಚೇಚಿ, ಚೇಚಿ ಎಂದರೆ ಅಕ್ಕ. ಅವರ ಗಂಡ ವಿಳಿಂಜಂ ಬಂದರಿನಲ್ಲಿ ಮೀನು ಹರಾಜು ಕೂಗಿ, ಗಂಟಲು ಕಟ್ಟಿಸಿಕೊಂಡು ಮನೆಗೆ ಬರುತ್ತಿದ್ದರು. ಊರಲ್ಲೆಲ್ಲ ಕೂಗಿ ಬಂದವನು ಮನೆಯಲ್ಲಿ ಮಾತಾಡುವುದಿಲ್ಲ, ಅದಕ್ಕೇ ನಾನು ಬಾವಿಯ ಜೊತೆ ಮಾತಾಡುತ್ತೇನೆ ಎಂದು ಚೇಚಿ ನಗುತ್ತಿದ್ದರಂತೆ. ಗೋಡೆಯಿಂದಾಗಿ ಮುಖ ಕಾಣುತ್ತಿರಲಿಲ್ಲ, ಆದರೆ ಬಾವಿಯೊಳಗೆ ಬಗ್ಗಿ ಆಡಿದ ಮಾತು ನೀರನ್ನು ತಾಗಿ ಈ ಕಡೆ ಏಳುತ್ತಿತ್ತು, ತುಸು ದಪ್ಪವಾಗಿ, ತುಸು ತಂಪಾಗಿ. ಅಮ್ಮ ಮಲಯಾಳ ಕಲಿತದ್ದು ಹಾಗೆ. ಬೆಳಿಗ್ಗೆ ಆಫೀಸಿನ ಬಸ್ಸು ಅಪ್ಪನನ್ನು ಕರೆದೊಯ್ದರೆ ಸಂಜೆಯವರೆಗೆ ಅವಳಿಗಿದ್ದದ್ದು ನಾನು, ಅಜ್ಜಿಯ ಮಡಿ, ಮತ್ತು ಬಾವಿಯಿಂದ ಏಳುವ ಆ ದನಿ. "ವಿಜಯೇ, ಇನ್ನ್ ಎಂದಾ ಕೂಟ್ಟಾನ್?" ಎಂದು ದನಿ ಕೇಳುತ್ತಿತ್ತು, ಇವತ್ತೇನು ಹುಳಿ ಎಂದು. ಅಮ್ಮ ಕನ್ನಡ ಮಲಯಾಳ ಕಲಸಿ ಉತ್ತರ ಕೊಡುತ್ತಿದ್ದಳು, ಬಾವಿ ನಗುತ್ತಿತ್ತು. ಅಮ್ಮನಿಗೆ ಆ ಊರಿನಲ್ಲಿ ಬೇರೆ ಸ್ನೇಹಿತೆಯರಿದ್ದದ್ದು ನನಗೆ ನೆನಪಿಲ್ಲ.

ಅಜ್ಜಿ ಎಂದರೆ ಅಪ್ಪನ ತಾಯಿ. ಅವರ ಪೂಜೆಗೂ ಅಡಿಗೆಗೂ ಬೇಕಾದ ನೀರನ್ನು ಅಮ್ಮ ದಿನಾ ಬೆಳಿಗ್ಗೆ ಒದ್ದೆಸೀರೆಯಲ್ಲಿ ಸೇದಿಕೊಡಬೇಕು, ಅದಕ್ಕೆಂದೇ ಬೇರೆ ಬಿಂದಿಗೆ. ಒಂದು ದಿನ ಆ ಬಿಂದಿಗೆಯ ನೀರಿನಲ್ಲಿ ಹೊಳೆಯುವ ಚೂರೊಂದು ತೇಲುತ್ತಿತ್ತು. ಮೀನಿನ ಹುರುಪೆ ಎಂದರು ಅಜ್ಜಿ. ಇರಬಹುದು, ಗೋಡೆಯ ಸುಣ್ಣದ ಚಕ್ಕೆಯೂ ಇರಬಹುದು. ಸರಿಯಾಗಿ ನೋಡುವ ಮೊದಲೇ ಅಜ್ಜಿ ಅದನ್ನು ಚೆಲ್ಲಿ, ಬಾವಿಗೆ ಬಗ್ಗಿ ಕೂಗಿದರು: "ಮೀನು ತೊಳೆಯೋರಿಗೆ ಬಾವಿ ಯಾಕ್ರೇ? ಸಮುದ್ರ ಇದೆಯಲ್ಲ, ಅಲ್ಲಿಗೆ ಹೋಗಿ!" ಚೇಚಿಗೆ ಕನ್ನಡ ಬಾರದು, ಆದರೆ ಮೀನೂ ಸಮುದ್ರವೂ ಎರಡು ಭಾಷೆಗೂ ಸೇರಿದವು. ಸ್ವಲ್ಪ ಹೊತ್ತಿನ ಮೇಲೆ ಆಚೆಯಿಂದ ಉತ್ತರ ಬಂತು. ಅದರ ಅರ್ಥವನ್ನು ಅಮ್ಮ ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ: "ಸಮುದ್ರದ ನೀರು ಉಪ್ಪು ಅಜ್ಜೀ, ನಿಮ್ಮ ನಾಲಗೆ ಹಾಗೆ." ಅಜ್ಜಿಗೆ ಅರ್ಥ ಬೇಕಿರಲಿಲ್ಲ, ಧಾಟಿ ಸಾಕಾಗಿತ್ತು. "ಇನ್ನು ಆ ಕಡೆ ಬಾಯಿ ಬಿಟ್ರೆ ನನ್ನಾಣೆ ವಿಜಯಾ" ಎಂದುಬಿಟ್ಟರು.

ಆಮೇಲಿನ ದಿನಗಳಲ್ಲಿ ಮನೆ ತಣ್ಣಗಿತ್ತು. ಯಾರೂ ಬೈಯಲಿಲ್ಲ, ಯಾರೂ ಅಳಲಿಲ್ಲ. ಅದನ್ನು ಶಾಂತಿ ಎಂದು ಕರೆಯುವವರೂ ಇದ್ದಾರು. ಆದರೆ ಬಡಿತ ಮಾತ್ರ ನಿಲ್ಲಲಿಲ್ಲ, ನಿಲ್ಲಿಸುವ ಹಾಗೂ ಇರಲಿಲ್ಲ. ನಿಂತರೆ ಹಗ್ಗಗಳು ಹೆಣೆದುಕೊಂಡು ಎರಡು ಮನೆಗೂ ನೀರಿಲ್ಲ. ಅಮ್ಮ ಎರಡು ಬಡಿಯುತ್ತಿದ್ದಳು, ಆಚೆಯಿಂದ ಎರಡು ಬರುತ್ತಿದ್ದವು. ಬಂದ ಮೇಲೂ ಅವಳು ಹಗ್ಗ ಬಿಡದೆ, ಬಾವಿಯೊಳಗೆ ನೋಡುತ್ತ ಸುಮ್ಮನೆ ನಿಂತಿರುತ್ತಿದ್ದಳು. ಆಚೆಯೂ ರಾಟೆ ತಿರುಗುತ್ತಿರಲಿಲ್ಲ. ಇಬ್ಬರು ಹೆಂಗಸರು ಒಂದೇ ನೀರಿನ ಮೇಲೆ ಬಗ್ಗಿ, ಗೋಡೆಯ ಎರಡು ಪಕ್ಕ ನಿಂತು, ಏನನ್ನೂ ಆಡದೆ ಇರುತ್ತಿದ್ದರು. ಅಮ್ಮ ಊಟ ಕಡಿಮೆ ಮಾಡಿದ್ದಳು ಎಂದು ಬರೆಯಲು ಹೊರಟು ಕೈ ತಡೆದೆ. ಅದು ಕಂಡದ್ದೋ, ಕಥೆಗೆ ಹೊಂದಲೆಂದು ನಾನೇ ಸೇರಿಸಿದ್ದೋ, ತಿಳಿಯದು.

ಬಿಂದಿಗೆ ಬಿದ್ದದ್ದು ಒಂದು ಬೆಳಿಗ್ಗೆ. ನಾನು ಹಿತ್ತಲ ಮೆಟ್ಟಿಲ ಮೇಲೆ ಹಲ್ಲುಜ್ಜುತ್ತ ಕೂತಿದ್ದೆ. ಅಮ್ಮ ಬಿಂದಿಗೆಯ ಕತ್ತಿಗೆ ಕುಣಿಕೆ ಹಾಕಿದಳು, ಬೆರಳುಗಳು ಗಂಟಿನ ಮೇಲೆ ಎಂದಿಗಿಂತ ಹೆಚ್ಚು ಹೊತ್ತು ಆಡಿದವು. ಹಾಗೆಂದು ನನಗೆ ಕಾಣುತ್ತದೆ. ಬಡಿತ, ಮರುಬಡಿತ, ರಾಟೆಯ ಕಿರ್ರೆಂಬ ಸದ್ದು, ಆಮೇಲೆ ಗುಳುಂ. ಹಗ್ಗ ಹಗುರಾಗಿ ಮೇಲೆ ಬಂತು.

ಪೂಜೆಗೆ ಕೂತಿದ್ದ ಅಜ್ಜಿ ಓಡಿ ಬಂದರು. "ಅಯ್ಯೋ ನನ್ನ ತೌರಿನ ಬಿಂದಿಗೆ ಕಣೇ! ಪಾತಾಳಗರಡಿ ಎಲ್ಲಿ ಸಿಗತ್ತೆ ಈ ಊರಲ್ಲಿ?"

"ಆ ಕಡೆ ಮನೇಲಿದೆ ಅತ್ತೆ."

"ಕೇಳು ಮತ್ತೆ!"

"ನಾನು ಹೇಗೆ ಕೇಳಲಿ?" ಎಂದಳು ಅಮ್ಮ, ಒದ್ದೆ ಸೆರಗು ಹಿಂಡುತ್ತ. "ನಿಮ್ಮಾಣೆ ಇದೆಯಲ್ಲ."

ಅಜ್ಜಿ ಅವಳನ್ನೇ ನೋಡಿದರು. ಆಮೇಲೆ ಬಾವಿಕಟ್ಟೆಯ ಹತ್ತಿರ ಹೋಗಿ, ಕೈಯಲ್ಲಿದ್ದ ಪಂಚಪಾತ್ರೆಯನ್ನೇ ಕಲ್ಲಿಗೆ ಎರಡು ಸಲ ಬಡಿದರು. ಆಚೆಯಿಂದ ಎರಡು ಬಡಿತ. ಅಜ್ಜಿ ಬಗ್ಗಿ, ನೀರಿಗೆ ಹೇಳುವಂತೆ, ಒಂದೇ ಮಾತು ಹೇಳಿದರು: "ಪಾತಾಳಗರಡಿ." ಮಲಯಾಳದಲ್ಲೂ ಅದನ್ನು ಹೆಚ್ಚುಕಡಿಮೆ ಹಾಗೆಯೇ ಕರೆಯುತ್ತಾರೆ. ಮತ್ತೆ ಬಾವಿ ತುಂಬ ನಗು. "ಎಂತರ್ ಅಮ್ಮೂಮ್ಮೇ, ಪಾತಾಳತ್ತಿಲ್ ಪೋಯೋ?" ಏನಜ್ಜೀ, ಪಾತಾಳಕ್ಕೆ ಹೋಯಿತೋ ಎಂದು.

ಚೇಚಿ ತಮ್ಮ ಕಡೆಯಿಂದಲೇ ಕೊಕ್ಕೆ ಇಳಿಸಿ ತಡಕಿದರು. ತಳದಲ್ಲಿ ಕಬ್ಬಿಣ ಉಜ್ಜುವ ಸದ್ದನ್ನು ನಾವು ಕಟ್ಟೆಗೆ ಬಗ್ಗಿ ಕೇಳಿದೆವು. ಸಿಕ್ಕಿತು, ಆದರೆ ಅವರ ಹಿತ್ತಲಲ್ಲಿ. ಅವರು ಬಿಂದಿಗೆ ಸೊಂಟಕ್ಕಿಟ್ಟುಕೊಂಡು, ಓಣಿ ಸುತ್ತಿ, ನಮ್ಮ ಮುಂಬಾಗಿಲಿಗೆ ಬಂದರು. ಆ ಮುಖವನ್ನು ನಮ್ಮ ಹೊಸ್ತಿಲ ಹತ್ತಿರ ನಾನು ಕಂಡದ್ದು ಅದೇ ಮೊದಲು. ದನಿಗಿಂತ ಸಣ್ಣ ಮುಖ. ಅಜ್ಜಿ ಬಾಗಿಲಲ್ಲಿ ನಿಂತಿದ್ದರು. ಮಡಿಯ ಬಿಂದಿಗೆ, ಮೀನಿನ ಮನೆಯ ಕೈ. ಅಜ್ಜಿಯ ಕೈ ಅರ್ಧಕ್ಕೆ ಬಂದು ನಿಂತಿತು. ಅಮ್ಮ ಕಂಬ ಹಿಡಿದುಕೊಂಡಿದ್ದಳು. ಆಗ ಚೇಚಿ, ಬಿಂದಿಗೆಯನ್ನು ಕೈಗೆ ಕೊಡದೆ ಮೆಲ್ಲಗೆ ಹೊಸ್ತಿಲಾಚೆ ನೆಲಕ್ಕಿಟ್ಟು, ಏನೋ ಹೇಳಿದರು. ಅಮ್ಮ ಅದನ್ನು ಕನ್ನಡದಲ್ಲಿ ಹೇಳಿದಳು: "ಹುಣಸೆಹಣ್ಣು ಹಾಕಿ ಚೆನ್ನಾಗಿ ತಿಕ್ಕಿಕೊಳ್ಳಬೇಕಂತೆ ಅತ್ತೆ. ತಳದಲ್ಲೆಲ್ಲ ಬರೀ ಕಪ್ಪೆಯಂತೆ."

ಅಜ್ಜಿ ಹೇಗೂ ತಿಕ್ಕುವವರೇ. ಅವರು ತಿಕ್ಕುವುದು ಯಾಕೆಂದು ಮೂವರಿಗೂ ಗೊತ್ತಿತ್ತು. ಆ ತಿಕ್ಕುವಿಕೆಗೆ ಬೇರೊಂದು ಕಾರಣವನ್ನು ಕಪ್ಪೆಗಳ ತಲೆಗೆ ಕಟ್ಟಿ ಕೊಟ್ಟವರು ಮಾತ್ರ ಬೈಸಿಕೊಂಡ ಚೇಚಿಯೇ. "ಕಾಫಿ ಕುಡ್ಕೊಂಡು ಹೋಗು ಅನ್ನು" ಎಂದು ಅಜ್ಜಿ ಒಳಗೆ ನಡೆದರು. ಮರುದಿನ ಎರಡು ಬಡಿತದ ಮೇಲೆ ಅಮ್ಮನ ದನಿ ಬಾವಿಗಿಳಿಯಿತು. ದೇವರ ಮನೆಯ ಗಂಟೆ ಸ್ವಲ್ಪ ಜೋರಾಗಿ ಕೇಳಿಸಿತು, ಅಷ್ಟೆ.

ಮುಂದೆ ನಾನು ಸಮಾಜಶಾಸ್ತ್ರ ಓದಿದೆ. ಸಮಾಜದಲ್ಲಿ ಶಾಂತಿ ಹೇಗೆ ನೆಲೆಸುತ್ತದೆ ಎಂಬ ಪ್ರಶ್ನೆಗೆ ಕಾನೂನು, ನ್ಯಾಯ, ಶಿಕ್ಷಣ ಎಂದೆಲ್ಲ ಪುಟಗಟ್ಟಲೆ ಬರೆದೆ. ಬಾವಿ ನೆನಪಾಗಲೇ ಇಲ್ಲ. ಈಗಲೂ ಅದನ್ನು ಉತ್ತರವೆಂದು ಹೇಳಲು ಅಳುಕುತ್ತೇನೆ. ಅಜ್ಜಿ ಎಂದೂ ತಪ್ಪಾಯಿತು ಎನ್ನಲಿಲ್ಲ. ಚೇಚಿ ಎಂದೂ ನಮ್ಮ ಅಡಿಗೆಮನೆಯವರೆಗೆ ಬರಲಿಲ್ಲ. ಅಷ್ಟು ನುಂಗಿಕೊಂಡದ್ದು ಅವರೊಬ್ಬರೇ ಎಂಬುದನ್ನು ಮರೆತು, ಎಷ್ಟು ಚೆಂದ ಬಾಳಿದೆವು ಎಂದು ನಾವು ಬರೆಯುವುದು ಸರಿಯೆ? ಆದರೆ ಈಗ ಕೊಚ್ಚಿಯ ಕಾಕ್ಕನಾಡಿನ ನನ್ನ ಫ್ಲ್ಯಾಟಿನಲ್ಲಿ ಯಾರಿಗೂ ಯಾರಿಂದಲೂ ಏನೂ ಬೇಕಿಲ್ಲ. ಪಕ್ಕದವರ ಜೊತೆ ಜಗಳವಾದರೆ ಅದು ಹಾಗೇ ಉಳಿದುಬಿಡುತ್ತದೆ, ಬಡಿಯಲು ಒಂದು ಕಲ್ಲಿಲ್ಲ.

ಈಚೆಗೆ ಕೆಲಸದ ಮೇಲೆ ತಿರುವನಂತಪುರಕ್ಕೆ ಹೋದಾಗ ಆ ಓಣಿಗೆ ಹೋಗಿದ್ದೆ. ಎರಡೂ ಕಡೆ ಹೊಸ ಮನೆಗಳು, ಮಾಡಿನ ಮೇಲೆ ಅವರವರ ನೀರಿನ ಟ್ಯಾಂಕು. ಬಾವಿ ಇದ್ದ ಜಾಗದಲ್ಲೂ ಗೋಡೆ ಮುರಿಯದೆ ನೇರ ಹೋಗಿತ್ತು. ಫಿಲೋಮಿನಾ ಚೇಚಿ ತೀರಿಕೊಂಡು ಬಹಳ ಕಾಲವಾಯಿತು ಎಂದರು ಮೂಲೆಯಂಗಡಿಯವರು. ಈಗ ನನ್ನ ಜೊತೆಗೇ ಇರುವ ಅಮ್ಮನಿಗೆ ಬಂದು ಹೇಳಿದೆ. ಅವಳು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಹಗ್ಗವನ್ನು ಸರಳಿಗೆ ಕಟ್ಟುತ್ತಿದ್ದಳು. ಕೈ ನಿಲ್ಲಿಸಿ, "ಬಾವಿ?" ಎಂದು ಕೇಳಿದಳು. ಮುಚ್ಚಿಬಿಟ್ಟಿದ್ದಾರೆ ಎಂದೆ. ಅವಳು ಮತ್ತೆ ಹಗ್ಗ ಎಳೆದಳು. ಎಪ್ಪತ್ತು ದಾಟಿದ ಬೆರಳುಗಳು, ಆದರೂ ಅವಳು ಹಾಕಿದ ಗಂಟು ತಾನಾಗಿ ಬಿಚ್ಚಿದ್ದನ್ನು ನಾನು ಕಂಡಿಲ್ಲ, ಆ ಒಂದು ಬೆಳಿಗ್ಗೆ ಬಿಟ್ಟರೆ. ಇಷ್ಟು ವರ್ಷ ಕೇಳದೆ ಇದ್ದದ್ದನ್ನು ಅಂದು ಕೇಳಿದೆ.

"ಅಮ್ಮ, ಅವತ್ತು ಬಿಂದಿಗೆಗೆ ಕುಣಿಕೆ ಸಡಿಲ ಹಾಕಿದ್ದು ನೀನೇ ಅಲ್ವಾ?"