ಎಡಗೈಯ ಹಳೇ ಕೆಲಸ

ಬೆಳಿಗ್ಗೆ ನ್ಯಾಮತಿ ಬಸ್ಸಿನಲ್ಲಿ ನನಗೊಂದು ಪೆಟ್ಟಿಗೆ ಬಂತು. ಹೊನ್ನಾಳಿಯ ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ನಾನು ಪಿಯಾನೋ ಪಾಠ ಹೇಳುವುದು ಕಂಡಕ್ಟರಿಗೂ ಗೊತ್ತಿರುವುದರಿಂದ ಅದು ದಾರಿ ತಪ್ಪಲಿಲ್ಲ. ಮುಚ್ಚಳ ತೆಗೆದರೆ ನುಸಿಗುಳಿಗೆ, ಹಳೇ ಚರ್ಮ, ಒಂಚೂರು ನಶ್ಯ. ಈ ಮೂರೂ ಸೇರಿದ ವಾಸನೆ ಚನ್ನಬಸಪ್ಪ ಮೇಷ್ಟ್ರ ಹಾರ್ಮೋನಿಯಂನದು ಬಿಟ್ಟರೆ ಬೇರೆ ಯಾವುದರದ್ದೂ ಆಗಲಾರದು.

ಹೋದ ವರ್ಷ ಲಕ್ವ ಹೊಡೆದು ಮೇಷ್ಟ್ರ ಎಡಗೈ ಬಿದ್ದುಹೋಯಿತು. ಈಗ ನ್ಯಾಮತಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ನಿನ್ನೆ ಅವರೇ ಫೋನು ಮಾಡಿದ್ದರು. "ತಿದಿ ಒತ್ತಾಕೆ ಕೈ ಇಲ್ಲ ಅಂದ್ಮೇಲೆ ಪೆಟ್ಟಿಗೆ ಇಟ್ಕಂಡು ಏನ್ ಮಾಡ್ಲವ್ವ? ನೀನೇ ಇಟ್ಕ. ನಾಳೆ ಸಂಜಿಕೆ ಬಂದು ಒಂದ್ಸಲ ನೋಡ್ಕಂಡ್ ಹೋಗ್ತೀನಿ" ಅಂದರು. ಮಗಳನ್ನು ಗಂಡನ ಮನೆಗೆ ಕಳಿಸುವವರ ದನಿ ಅದು.

ತಿದಿ ಅಂದರೆ ಹಾರ್ಮೋನಿಯಂನ ಬೆನ್ನಿಗಿರುವ, ಗಾಳಿ ತುಂಬುವ ಚರ್ಮದ ಮಡಿಕೆ. ಅದನ್ನು ಒತ್ತುವುದು ಎಡಗೈ, ನುಡಿಸುವುದು ಬಲಗೈ. ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ನನ್ನ ಜೀವನದ ಅರ್ಧ ಅವಮಾನಕ್ಕೆ ಈ ಏರ್ಪಾಡೇ ಮೂಲ.

ಮೇಷ್ಟ್ರು ಜಗಳೂರು ಕಡೆಯ ಸೊಕ್ಕೆಯವರು. ವರ್ಷಕ್ಕೊಮ್ಮೆ ನಮ್ಮ ಗೋವಿನಕೋವಿಗೆ ಬಂದು ಎರಡು ತಿಂಗಳು ಠಿಕಾಣಿ ಹೂಡಿ ಊರವರಿಗೆ ಪೌರಾಣಿಕ ನಾಟಕ ಕಲಿಸುತ್ತಿದ್ದರು. ಊಟ ನಮ್ಮ ಮನೆಯಲ್ಲಿ. ನಾಲ್ಕು ದಿನ ನೋಡಿದರೂ ಭೀಮನ ಪಾರ್ಟಿನವನಿಗೆ ಬಾರದ ಪದ್ಯ ಬಾಗಿಲ ಹಿಂದೆ ನಿಂತಿದ್ದ ನನಗೆ ಬಂದುಬಿಟ್ಟಿತ್ತು. ಅವರು ನನ್ನನ್ನು ಕರೆದು ಪೆಟ್ಟಿಗೆ ಮುಂದೆ ಕೂರಿಸಿದರು. ಮೊದಲ ಒಂದು ತಿಂಗಳು ಸ್ವರವೇ ಇಲ್ಲ, ಬರೀ ಗಾಳಿ. ಒಂದೇ ಸಮ ಒತ್ತಬೇಕು, ತಿದಿ ಏದುಸಿರು ಬಿಡಬಾರದು. ಹಾಗೆ ಒತ್ತಿ ಒತ್ತಿ ನನ್ನ ಎಡಗೈ ಎಂಥಾ ನಿಯತ್ತಿನ ಕೈ ಆಯಿತೆಂದರೆ ನಿದ್ದೆಯಲ್ಲೂ ತಂಗಿಯ ಬೆನ್ನು ಒತ್ತುತ್ತಿತ್ತಂತೆ.

ಆಮೇಲೆ ಡಿಗ್ರಿ ಮಾಡಿದೆ, ಹೊಲಿಗೆ ಕಲಿತೆ, ಎರಡೂ ಕೈಹಿಡಿಯಲಿಲ್ಲ. ಮದುವೆ ಆರತಕ್ಷತೆಗಳ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದೆ. ಅಲ್ಲಿ ತಾಳ ಯಂತ್ರದ ಪಾಲು. ಎಡಗೈಗೆ ಬಾದಾಮಿ ಹಾಲಿನ ಲೋಟ ಹಿಡಿಯುವ ಕೆಲಸ ಮಾತ್ರ. ಅಷ್ಟರಲ್ಲಿ ಚನ್ನಗಿರಿ ಹತ್ತಿರದ ಒಂದು ವಸತಿ ಶಾಲೆಗೆ ಯಾರೋ ಪುಣ್ಯಾತ್ಮರು ಪಿಯಾನೋ ದಾನ ಮಾಡಿದ್ದಾರೆ, ನುಡಿಸುವವರೇ ಇಲ್ಲ ಎಂಬ ಸುದ್ದಿ ಬಂತು. ಬರುತ್ತದೆ ಎಂದು ಧೈರ್ಯವಾಗಿ ಹೇಳಿ ಹೋದೆ. ಅದೇ ಕಪ್ಪು ಬಿಳಿ ಸ್ವರದ ಮನೆಗಳು, ಇನ್ನೇನು ಮಹಾ.

ಕೂತೆ. ಬಲಗೈ ಚೆನ್ನಾಗಿ ಓಡಿತು. ಎಡಗೈ ಮಾತ್ರ ಪಿಯಾನೋದ ಮುಂದೆ, ಗಾಳಿಯಲ್ಲಿ, ಇಲ್ಲದ ತಿದಿಯನ್ನು ಒತ್ತುತ್ತಿತ್ತು. ಎರಡು ನಿಮಿಷ ಒತ್ತಿತು. ಹೆಡ್ಮಿಸ್ಸು ಕನ್ನಡಕ ಸರಿಮಾಡಿಕೊಂಡು, ಆ ಕೈಗೆ ಏನಾದರೂ ತೊಂದರೆಯೇ ಎಂದು ಮರುಕದಿಂದ ಕೇಳಿದರು. ನೀವು ನಗುತ್ತಿದ್ದೀರಿ, ನಗಿ. ನಾನು ಅಂದು ಅತ್ತಿದ್ದೆ. ಆಕೆ ಒಳ್ಳೆಯವರು, ಮೂರು ತಿಂಗಳು ಬಿಟ್ಟು ಎರಡೂ ಕೈ ತಗೊಂಡು ಬನ್ನಿ ಎಂದರು.

ಎರಡು ಬಸ್ಸು ಬದಲಿಸಿ ಸೊಕ್ಕೆಗೆ ಹೋದೆ. ಮೇಷ್ಟ್ರು ಜನ್ಮದಲ್ಲಿ ಪಿಯಾನೋ ಕಂಡವರಲ್ಲ. ಎಲ್ಲಾ ಕೇಳಿ, ಅಟ್ಟದಿಂದ ಒಂದು ಕಾಲು ಹಾರ್ಮೋನಿಯಂ ಇಳಿಸಿದರು. ಅದರಲ್ಲಿ ಗಾಳಿ ತುಳಿಯುವುದು ಕಾಲು. ಕೈ ಎರಡೂ ಖಾಲಿ. "ಬಲಗೈ ಅರ್ಜುನ, ಎಡಗೈ ಸಾರಥಿ. ಇಷ್ಟು ದಿನ ಸಾರಥೀನ ಕುದುರಿಗೆ ಹುಲ್ಲು ಹಾಕಾಕೆ ಇಟ್ಟಿದ್ವಿ, ಈಗ ರಥ ಹತ್ತಿಸಾನ" ಅಂದರು. ಪ್ರತಿ ಭಾನುವಾರ ಹೋದೆ. ಎಡಗೈ ರಥ ಹತ್ತಿತು.

ಮೂರು ತಿಂಗಳಿಗೆ ಮತ್ತೆ ಚನ್ನಗಿರಿ ಬಸ್ಸು. ಈ ಸಲ ಕೈಗಳೆರಡೂ ಬಂಗಾರ. ಆದರೆ ರೋಗ ಕಾಲಿಗಿಳಿದಿತ್ತು. ಪಿಯಾನೋದ ಕೆಳಗೂ ತುಳಿಮಣೆಗಳಿರುತ್ತವೆ. ಒಂದನ್ನು ತುಳಿದರೆ ನುಡಿಸಿದ ಸ್ವರ ನಿಲ್ಲುವುದೇ ಇಲ್ಲ. ನಾನು ಹೊಲಿಗೆ ಮಿಷನ್ನಿನಂತೆ ತುಳಿಯುತ್ತಿದ್ದೆ. ಸ್ವರಗಳೆಲ್ಲ ಅಂಟಿಕೊಂಡು ಅವಲಕ್ಕಿ ಮುದ್ದೆಯಾದವು. ನಿಲ್ಲಿಸಿದೆ. ಬಸ್ಸಿನ ಹೊತ್ತೂ ನೆನಪಾಯಿತು, ಮೇಷ್ಟ್ರ ಮುಖವೂ ನೆನಪಾಯಿತು. ಚಪ್ಪಲಿ ಬಿಟ್ಟು, ಬೆಂಚಿನ ಮೇಲೆ ಕಾಲು ಮಡಚಿ, ನಮ್ಮೂರ ಭಜನೆಗೆ ಕೂತಂತೆ ಚಕ್ಕಳಮಕ್ಕಳ ಹಾಕಿ ಮೊದಲಿನಿಂದ ನುಡಿಸಿದೆ. ಕೆಲಸ ಸಿಕ್ಕಿತು. ಕೆಲವು ವರ್ಷ ಅಲ್ಲಿದ್ದು, ಆಮೇಲೆ ಹಳೇ ಪಿಯಾನೋ ಒಂದನ್ನು ಕೊಂಡು ಹೊನ್ನಾಳಿಯ ಈ ಕೋಣೆ ಹಿಡಿದೆ. ಈಗಲೂ ಸಭೆಗಳಲ್ಲಿ ಹಾಗೇ ಕೂರುತ್ತೇನೆ. ನನ್ನ ಶಿಷ್ಯೆಯೊಬ್ಬಳು ಪಿಯಾನೋ ಪರೀಕ್ಷೆಗೆ ಹೋಗಿ, ಚಪ್ಪಲಿ ಎಲ್ಲಿ ಬಿಡಬೇಕು ಎಂದು ಕೇಳಿದಳಂತೆ.

ಸಂಜೆ ಮೇಷ್ಟ್ರು ಮಗಳ ಹೆಗಲು ಹಿಡಿದು ಮೆಟ್ಟಿಲು ಹತ್ತಿ ಬಂದರು. ನಾನು ಬುದ್ಧಿವಂತಿಕೆಯಿಂದ ಅವರನ್ನು ಪಿಯಾನೋ ಮುಂದೆ ಕೂರಿಸಿದೆ. ಇದಕ್ಕೆ ಗಾಳಿ ಬೇಡ, ಒಂದು ಕೈ ಸಾಕು ಎಂದೆ. ಅವರು ಒಂದು ಮನೆ ಒತ್ತಿ, ಸ್ವರ ಸಣ್ಣಗಾಗಿ ಇಲ್ಲವಾಗುವ ತನಕ ಕೇಳಿದರು.

"ಚೆನ್ನಾಗೈತೆ. ಆದ್ರೆ ಉಸ್ರಾಡಲ್ಲವ್ವ ಇದು."

ಕಣ್ಣು ತಮ್ಮ ಪೆಟ್ಟಿಗೆಯ ಮೇಲೇ ಇತ್ತು. ನಾನು ಚಾಪೆ ಹಾಸಿ, ಪೆಟ್ಟಿಗೆಯನ್ನು ಅವರ ಮುಂದಿಟ್ಟು, ಎಡಕ್ಕೆ ಕೂತು ತಿದಿಗೆ ಎಡಗೈ ಹಚ್ಚಿದೆ. ಅವರ ಬಲಗೈ ಮನೆಗಳನ್ನು ಒಂದೊಂದಾಗಿ ಸವರಿತು. ಆಮೇಲೆ ಭೀಮನ ಪದ್ಯ ಹೊರಟಿತು. ನಾನೋ, ಒತ್ತುತ್ತಿದ್ದೇನೆ ಅಂದುಕೊಂಡಿದ್ದೆ. ನನ್ನ ಬೆರಳುಗಳು ತಿದಿಯ ಹಲಗೆಯ ಮೇಲೆ ಪಿಯಾನೋ ನುಡಿಸುತ್ತಿದ್ದವು. ಪದ್ಯ ಏದುಸಿರು ಬಿಟ್ಟಿತು.

"ಬೆರಳು ಸುಮ್ನಿರ್ಲಿ. ಗಾಳಿ ಕೊಡು" ಅಂದರು, ನಲವತ್ತು ವರ್ಷದ ನನಗೆ, ಹತ್ತು ವರ್ಷದವಳಿಗೆ ಹೇಳಿದ ಅದೇ ದನಿಯಲ್ಲಿ. ಮರೆಯಲು ಅಷ್ಟು ಹೆಣಗಿದ್ದ ಕೆಲಸವನ್ನು ಕೈಗೆ ಮತ್ತೆ ಕಲಿಸಲು ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಅವರ ಮಗಳು ಸೆರಗಿನಿಂದ ಎರಡು ಸಲ ಕಣ್ಣೊರೆಸಿಕೊಂಡಿದ್ದಳು.

ಹೋಗುವಾಗ ಮೇಷ್ಟ್ರು ಪೆಟ್ಟಿಗೆಯ ಮುಚ್ಚಳ ತಾವೇ ಹಾಕಿದರು. ಇದು ಇಲ್ಲೇ ಇರಲಿ, ಕೊಟ್ಟಿದ್ದಲ್ಲ, ಇಟ್ಟಿದ್ದು. ಗುರುವಾರ ಬರುತ್ತೇನೆ, ನಿನ್ನ ಗಾಳಿ ಇನ್ನೂ ಸರಿಯಿಲ್ಲ ಎಂದರು. ಅವರನ್ನು ಬಸ್ಸು ಹತ್ತಿಸಿ ಬಂದು, ಗೋಡೆಯ ಮೇಲಿನ ಪಾಠದ ಪಟ್ಟಿಯಲ್ಲಿ ಗುರುವಾರ ನಾಲ್ಕು ಗಂಟೆಯ ಎದುರು, ಮಕ್ಕಳ ಹೆಸರುಗಳ ಸಾಲಿನಲ್ಲಿ, ನನ್ನ ಹೆಸರು ಬರೆದೆ.