ಟಕ್ ಎಂದ ಮೇಲಿನ ಹತ್ತು ಸೆಕೆಂಡು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆದರೆ ಕಥೆ ಕಟ್ಟಿದ್ದಾನೆ ಎಂದು ಹಲ್ಲು ಕಿರಿಯಬೇಡಿ, ನನಗೆ ಮೈಯೆಲ್ಲ ಉರಿಯುತ್ತದೆ. ಆ ರಾತ್ರಿ ಕ್ಯಾಮೆರಾ ಹಿಂದೆ ಕೂತಿದ್ದವನು ನಾನೇ.

ತಿ. ನರಸೀಪುರದಲ್ಲಿ ನನ್ನದೊಂದು ಸ್ಟುಡಿಯೋ. ಹೊಸ ಡಿಜಿಟಲ್ ಕ್ಯಾಮೆರಾ ಆಗಷ್ಟೇ ನನ್ನ ಕೈಗೆ ಬಂದಿತ್ತು. ರಾತ್ರಿಯಿಡೀ ನಕ್ಷತ್ರಗಳ ಪಟ ತೆಗೆದು, ಒಂದಕ್ಕೊಂದು ಜೋಡಿಸಿ, ಆಕಾಶವೇ ಓಡುವಂತೆ ಮಾಡುವ ಹುಚ್ಚು ಹಿಡಿದಿತ್ತು. ಕವಲಂದೆ ಕಡೆ ಅಕ್ಕನ ಗಂಡನ ಹೊಲ. ಕಡಲೆಕಾಯಿಗೆ ಹಂದಿ ಬೀಳುತ್ತಿದ್ದುದರಿಂದ ಭಾವ ಅಲ್ಲೇ ಮಂಚ ಹಾಕಿ ಕಾವಲು ಮಲಗುತ್ತಿದ್ದರು.

"ಅಮಾಸೆ ದಿನ ಇದೇನ್ಲಾ ನಿಂದು? ಆ ಡಬ್ಬ ಎತ್ಕಂಡು ಊರ್ಗೋಗು," ಎಂದು ಗದರಿದರು.

ನಾನು ಕೇಳುವ ಆಸಾಮಿಯೇ? ಅವರ ಮಂಚದ ಹಿಂದೆಯೇ ಸ್ಟ್ಯಾಂಡ್ ನಿಲ್ಲಿಸಿದೆ.

ಕೆಲಸ ಸರಳ. ಕ್ಯಾಮೆರಾ ಮೂವತ್ತು ಸೆಕೆಂಡು ಕಣ್ಣು ತೆರೆದಿರುತ್ತದೆ. ಟಕ್ ಎಂದು ಮುಚ್ಚಿ, ಎರಡು ಸೆಕೆಂಡು ಬಿಟ್ಟು ಮತ್ತೆ ತೆರೆಯುತ್ತದೆ. ತೆರೆದಿರುವಾಗ ಯಾರಾದರೂ ಅಲುಗಾಡಿದರೆ ಪಟದಲ್ಲಿ ಬರೀ ಹೊಗೆಯಂಥ ಮಸುಕು.

ಒಂದು ಗಂಟೆ ಬಿಟ್ಟು ನೋಡಿದರೆ ನಡುನಡುವೆ ಪಟಗಳೇ ತಪ್ಪಿಹೋಗಿದ್ದವು. ಪಟ ಕಾರ್ಡಿಗೆ ಇಳಿಯಲು ಎರಡು ಸೆಕೆಂಡು ಸಾಲದೆಂದು ಬಿಡುವನ್ನು ಹತ್ತಕ್ಕೆ ಏರಿಸಿದೆ. ಪಟದಲ್ಲಿ ದೂರದ ಬದುವಿನ ಮೇಲೆ ಬೆದರುಬೊಂಬೆಯೊಂದು ನಕ್ಷತ್ರಗಳಿಗೆ ಅಡ್ಡವಾಗಿ ಕಪ್ಪಗೆ, ಸ್ಪಷ್ಟವಾಗಿ ಬಂದಿತ್ತು. ಇರಲಿ ಎಂದುಕೊಂಡೆ.

"ಓಡಾಡ್ತಿರೋದು ನೀನೇನ್ಲಾ?" ಇನ್ನರ್ಧ ಗಂಟೆ ಕಳೆದ ಮೇಲೆ ಕಂಬಳಿಯೊಳಗಿಂದ ಭಾವ ಕೇಳಿದರು.

"ಇಲ್ಲೇ ಕೂತಿದ್ದೀನಲ್ಲ ಭಾವ."

"ಟಕ್ ಅಂದ್ಮ್ಯಾಲೆ ಎಜ್ಜೆ ಸದ್ದು ಬತ್ತದೆ... ಆಮ್ಯಾಕೆ ನಿಂತೋಯ್ತದೆ. ಮೊದ್ಲು ಒಂದೊಂದೇ ಬತ್ತಿತ್ತು. ಈಗ ಐದೈದು."

ನನಗೆ ರೇಗಿತು. "ಹಂದಿ ಇರ್ಬೇಕು, ಮಲಗಿ ಸುಮ್ನೆ. ನಿಮ್ ಬೆದರುಬೊಂಬೆ ನೋಡ್ಕೊಳ್ತದೆ."

"ನಾನ್ಯಾವ ಬೊಂಬೆ ನಿಲ್ಸಿದ್ದೀನ್ಲಾ?"

ಟಕ್.

ಸರ್... ಸರ್... ಕಡಲೆಗಿಡ ತುಳಿಯುವ ಸದ್ದು. ಐದು ಎಣಿಸಿದೆ. ಸುಟ್ಟ ಕೂದಲಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಅಮಾಸೆ ಕತ್ತಲಲ್ಲಿ ಬರಿಗಣ್ಣಿಗೆ ಏನೂ ಕಾಣಲಿಲ್ಲ, ಕೊನೆಯ ಪಟ ನೋಡಿದೆ. ಅದರಲ್ಲಿ ಬೊಂಬೆ ಮಂಚದಿಂದ ಐದೇ ಹೆಜ್ಜೆ ದೂರದಲ್ಲಿತ್ತು. ಹೊಗೆಯಿಲ್ಲ, ಮಸುಕಿಲ್ಲ. ಕ್ಯಾಮೆರಾ ಕಣ್ಣು ತೆರೆದಿದ್ದಾಗ ಅದು ಉಸಿರಾಡದೆ ನಿಲ್ಲುತ್ತಿತ್ತು, ಮುಚ್ಚಿದಾಗ ನಡೆಯುತ್ತಿತ್ತು. ಆ ಹತ್ತು ಸೆಕೆಂಡು ಕೊಟ್ಟವನು ನಾನು, ಪಾಪಿ!

"ಭಾವ, ಎದ್ದು ಈ ಕಡೆ ಬನ್ನಿ!"

"ಆಗಕಿಲ್ಲ ಕಣ್ಲಾ... ಏನೋ ನನ್ ಕಾಲು ಇಡ್ಕಂಡದೆ."

ಕ್ಯಾಮೆರಾ ಆರಿಸಿದರೆ ರಾತ್ರಿಯೆಲ್ಲ ಅದರದೇ. ಟೈಮರ್ ನಿಲ್ಲಿಸಿ, ಗುಂಡಿಯನ್ನು ಬೆರಳಲ್ಲೇ ಒತ್ತಿ ಹಿಡಿದೆ. ಒತ್ತಿದಷ್ಟು ಹೊತ್ತು ಕಣ್ಣು ಮುಚ್ಚುವುದಿಲ್ಲ.

"ಮುಚ್ಬ್ಯಾಡ ಕಣ್ಲಾ," ಭಾವ ಅಳುತ್ತಿದ್ದರು. "ನಿಮ್ಮಕ್ಕನ ಮ್ಯಾಲಾಣೆ, ಮುಚ್ಬ್ಯಾಡ."

ಮೂಡಲು ಬೆಳ್ಳಗಾಗುವವರೆಗೂ ಹಿಡಿದಿದ್ದೆ. ಜೋಮು ಹಿಡಿದ ಬೆರಳು ತಾನಾಗಿಯೇ ಜಾರಿತು. ಟಕ್. ಎರಡೇ ಹೆಜ್ಜೆ ಕೇಳಿಸಿತು, ಭಾವ ಕಿರುಚಿದರು. ಓಡಿ ಹೋಗಿ ನೋಡಿದರೆ ಮಂಚದ ಹತ್ತಿರ ಭಾವನನ್ನು ಬಿಟ್ಟು ಯಾರೂ ಇರಲಿಲ್ಲ.

ಆ ಎರಡು ಹೆಜ್ಜೆ ಯಾವ ಕಡೆಗೆ ಹೋದವು ಎಂದು ಒಮ್ಮೆ ಕೇಳಿದೆ. ಭಾವ ನನ್ನನ್ನೇ ನೋಡಿದರು, ರೆಪ್ಪೆ ಬಡಿಯಲಿಲ್ಲ.

ಮೊನ್ನೆ ಅಕ್ಕ ಬಂದು ಕಿವಿಯಲ್ಲಿ ಹೇಳಿದಳು. "ರಾತ್ರಿ ಕಣ್ಬುಟ್ಟಾಗೆಲ್ಲ ನಿಮ್ ಭಾವ ಗ್ವಾಡೆ ತಾವ ಅಲುಗಾಡ್ದಂಗೆ ನಿಂತಿರ್ತಾರೆ ಕಣೋ. ನಾನು ಕಣ್ಮುಚ್ಚುದ್ರೆ... ಎಜ್ಜೆ ಸದ್ದು."

ಮುಚ್ಚಬೇಡ ಅಕ್ಕ ಎಂದೆ. ಅವಳೂ ಮನುಷ್ಯಳೇ, ಎಷ್ಟು ರಾತ್ರಿ ಎಚ್ಚರವಿದ್ದಾಳು?