ಶಿಲುಬೆಯ ಮೇಲೆ ನನ್ನ ಹೆಸರು

ಘಾಲಾದ ನಮ್ಮ ಬೋರ್ಡ್ ಬರೆಯುವ ಅಂಗಡಿಯಲ್ಲಿ ಇವತ್ತು ಕಪ್ಪು ಪೇಂಟಿನ ಡಬ್ಬಿ ತೆರೆದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮತ್ತೆ ಒಂದನೇ ಕ್ಲಾಸಿನ ಹುಡುಗಿಯಾದೆ.

ಪಪ್ಪ ಇದೇ ಅಂಗಡಿಯಲ್ಲಿ ಗ್ಯಾರೇಜು, ಹೋಟೆಲುಗಳ ಬೋರ್ಡ್ ಬರೆಯುತ್ತಿದ್ದರು. ಈ ಗಲ್ಫ್ ದೇಶದಲ್ಲೇ ತೀರಿಕೊಂಡು ಇಲ್ಲೇ ಮಣ್ಣಾಗುವ ಕ್ರೈಸ್ತರ ಸಮಾಧಿಗೆ ಮರದ ಶಿಲುಬೆ ಬೇಕಾದರೆ ಮಾತ್ರ ಅದನ್ನು ಸೀಬ್‌ನಲ್ಲಿದ್ದ ನಮ್ಮ ಮನೆಗೆ ತರುತ್ತಿದ್ದರು. ಇಲ್ಲಿ ವಾರದ ರಜೆಯಾದ ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು, ಕೈ ತೊಳೆದು, ಹೆಸರು ಬರೆಯಲು ಕೂರುತ್ತಿದ್ದರು.

ಒಮ್ಮೆ ಅವರು ಚಹಾಕ್ಕೆಂದು ಎದ್ದಾಗ ನಾನು ಬ್ರಷ್ ಹಿಡಿದೆ. ಬರೆಯಲು ಬರುತ್ತಿದ್ದದ್ದು ನನ್ನ ಹೆಸರೊಂದೇ. ಬಿಳಿ ಶಿಲುಬೆಯ ಮೇಲೆ ಅದನ್ನೇ ಬರೆದೆ: ಐರಿನ್.

ಮಮ್ಮಿ ಚೀರಿದರು. "ಎಂತ ಮಾಡಿದ್ದು ನೀನು! ಅದು ಸತ್ತವರಿಗೆ!"

ನಾನು ಸಾಯುತ್ತೇನೆಂದು ಆಗಲೇ ಖಾತ್ರಿಯಾಯಿತು. ಪಪ್ಪ ಥಿನ್ನರ್ ಹಾಕಿ ಒರೆಸಿದರು. ಅಕ್ಷರಗಳು ಬೂದು ನೆರಳಾಗಿ ಉಳಿದೇ ಬಿಟ್ಟವು.

"ಹೆದರಬೇಡ ಮಗಾ. ಹೆಸರು ಬರೆದರೆ ಯಾರೂ ಸಾಯುವುದಿಲ್ಲ," ಎಂದರು ಪಪ್ಪ. "ಹೀಗೆ ತೀರಿಕೊಂಡವರಿಗೆ ಇಲ್ಲಿ ಮನೆಯವರು ಯಾರೂ ಇಲ್ಲ. ಚಂದ ಮಾಡಿ ಬರೆಯಲಿಕ್ಕೆ ಅಂತಲೇ ದೇವರು ನಮ್ಮನ್ನು ಇಟ್ಟದ್ದು."

ಆದರೂ ತಿಂಗಳುಗಟ್ಟಲೆ, ಜ್ವರ ಬಂತೇ ಎಂದು ನನ್ನ ಹಣೆ ನಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಪಪ್ಪ ಈಗಿಲ್ಲ. ಅವರ ಬ್ರಷ್ ನನ್ನ ಕೈಯಲ್ಲಿದೆ. ಎದುರಿಗೆ ಬಿಳಿ ಶಿಲುಬೆ, ಪಾದ್ರಿಗಳು ಕಳುಹಿಸಿದ ಚೀಟಿ. ಮನೆಗೆಲಸಕ್ಕೆ ಬಂದು ತೀರಿಕೊಂಡ ಹೆಂಗಸಂತೆ, ಊರಿಂದ ಯಾರಿಗೂ ಬರಲಾಗಲಿಲ್ಲವಂತೆ. ಹೆಸರು ಐರಿನ್.

ಕೈ ತಾನಾಗಿ ಹಣೆಗೆ ಹೋಯಿತು. ಜ್ವರ ನೋಡಲೋ, ಶಿಲುಬೆಯ ಗುರುತು ಮಾಡಲೋ, ತಿಳಿಯಲಿಲ್ಲ. ಆಮೇಲೆ ಮೊದಲ ಅಕ್ಷರ ಬರೆದೆ, ಚಂದ ಮಾಡಿ.